ಗೋಡೆ ಒಡೆಯುವ ಮುನ್ನ

ಬೆಂಗಳೂರಿನ ಕೆಂಗೇರಿ ಉಪನಗರದ ಅಡ್ಡರಸ್ತೆಗಳಲ್ಲಿ ಇಂದು ನಡೆದು ಹೋದರೆ ಒಂದಲ್ಲ ಒಂದು ಮನೆಯ ಮುಂದೆ ಜಲ್ಲಿ, ಎಂ-ಸ್ಯಾಂಡ್ ಮತ್ತು ಒಡೆದ ಟೈಲ್ಸ್‌ಗಳ ರಾಶಿ ಕಾಣಸಿಗುತ್ತದೆ. ಒಂದು ಕಾಲದಲ್ಲಿ ಕೆಂಗೇರಿಗೆ ತನ್ನದೇ ಪುರಸಭೆಯಿತ್ತು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲೂ ಬಂತು. ನಗರವು ಮನೆಬಾಗಿಲಿಗೆ ಬಂದಾಗ ಹಳೆಯ ಮನೆಯನ್ನು ಹೊಸದಾಗಿಸುವ ಆಸೆ ಚಿಗುರುವುದು ಸಹಜ. ಆಸೆ ತಪ್ಪಲ್ಲ. ಆದರೆ ಲೆಕ್ಕವಿಲ್ಲದ ಆಸೆ ಒಂದು ಕುಟುಂಬವನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂಬ ಬಗ್ಗೆ ನಾವು ಎಷ್ಟರ ಮಟ್ಟಿಗೆ ಆಲೋಚಿಸಿದ್ದೇವೆ?

ಕಥೆ ಬಹುತೇಕ ಒಂದೇ. ಸ್ನಾನಗೃಹದ ಗೋಡೆಯಲ್ಲಿ ತೇವ ಕಾಣಿಸಿಕೊಳ್ಳುತ್ತದೆ. ಪೈಪು ಬದಲಿಸಲು ಮೇಸ್ತ್ರಿ ಬರುತ್ತಾರೆ. ಹೇಗೂ ಒಡೆಯುತ್ತಿದ್ದೇವಲ್ಲ, ಟೈಲ್ಸ್ ಹೊಸದು ಹಾಕೋಣ ಎಂಬ ಮಾತು ಬರುತ್ತದೆ. ಟೈಲ್ಸ್ ಹೊಸದಾದ ಮೇಲೆ ಬಾಗಿಲು ಹಳೆಯದಾಗಿ ಕಾಣುತ್ತದೆ. ಅಡುಗೆಮನೆ, ಫಾಲ್ಸ್ ಸೀಲಿಂಗ್, ಮುಂಬಾಗಿಲಿನ ತೇಗದ ಕೆತ್ತನೆ... ಮದುವೆಯೊಂದು ಹತ್ತಿರದಲ್ಲಿದ್ದರಂತೂ ಹೇಳುವುದೇ ಬೇಡ. ಕೊನೆಗೆ ಮಗಳ ಕಾಲೇಜು ಶುಲ್ಕದ ಹಣ ಗೋಡೆಗೆ ಸೇರಿರುತ್ತದೆ. ಅತಿಥಿಗಳು ಐದು ನಿಮಿಷ ಹೊಗಳಿ ಹೋಗುತ್ತಾರೆ. ಕಂತು ಕಟ್ಟುವುದು ಮಾತ್ರ ಮನೆಯವರ ಪಾಲಿಗೆ ಉಳಿಯುತ್ತದೆ!

ಎಡವಟ್ಟಾಗುವುದು ಎಲ್ಲಿ? ನಾವು ಮೊದಲು ಕೆಲಸಗಳ ಪಟ್ಟಿ ಮಾಡುತ್ತೇವೆ, ಆ ನಂತರ ಹಣ ಹುಡುಕುತ್ತೇವೆ. ನಿಜವಾಗಿ ಆಗಬೇಕಾದುದು ಇದರ ತದ್ವಿರುದ್ಧ. ಉದಾಹರಣೆಗೆ, ಉಳಿತಾಯ 6 ಲಕ್ಷ ರೂಪಾಯಿ ಇದೆಯೆಂದಿಟ್ಟುಕೊಳ್ಳಿ. ಆರು ತಿಂಗಳ ಸಂಸಾರ ವೆಚ್ಚ ಮತ್ತು ಕಾಯಿಲೆ-ಕಸಾಲೆಗಾಗಿ 1.5 ಲಕ್ಷ, ಮಕ್ಕಳ ಶುಲ್ಕಕ್ಕಾಗಿ 1 ಲಕ್ಷ ಮೊದಲೇ ತೆಗೆದಿಡಬೇಕು. ಉಳಿದದ್ದು 3.5 ಲಕ್ಷ. ಹಳೆಯ ಮನೆಯ ಗೋಡೆಯೊಳಗೆ ಏನಿದೆಯೆಂದು ಒಡೆಯುವವರೆಗೂ ಯಾರಿಗೂ ತಿಳಿಯದು. ಆದ್ದರಿಂದ ಅದರಲ್ಲಿ ಐದನೇ ಒಂದು ಭಾಗ, ಅಂದರೆ 70 ಸಾವಿರ, ಅನಿರೀಕ್ಷಿತ ಖರ್ಚಿಗೆ ಮೀಸಲು. ಮೇಸ್ತ್ರಿಯ ಮುಂದಿಡಬೇಕಾದ ಮೊತ್ತ 2.8 ಲಕ್ಷ ಮಾತ್ರ. ಆರು ಲಕ್ಷವಲ್ಲ.

ಈ ಮೊತ್ತದೊಳಗೆ ಯಾವುದು ಮೊದಲು? ತಾರಸಿಯ ಸೋರಿಕೆ, ತುಕ್ಕು ಹಿಡಿದ ಕಬ್ಬಿಣದ ಪೈಪು, ಹಳೆಯ ವೈರಿಂಗ್ ಮತ್ತು ಅರ್ಥಿಂಗ್. ಇವು ಯಾರ ಕಣ್ಣಿಗೂ ಬೀಳದ, ಆದರೆ ಜೀವಕ್ಕೆ ಸಂಬಂಧಿಸಿದ ಕೆಲಸಗಳು. ನೆಲ ಆ ಬಳಿಕ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಸೋರುವ ತಾರಸಿಯ ಕೆಳಗೆ ಬಳಿದ ದುಬಾರಿ ಬಣ್ಣ ಒಂದು ಮಳೆಗಾಲವನ್ನೂ ತಾಳಲಾರದು. ಬೆಂಗಳೂರಿನಲ್ಲಿ ಜೂನ್‌ನಿಂದ ನವೆಂಬರ್‌ವರೆಗೂ ಮಳೆಯಿರುವುದರಿಂದ ತಾರಸಿ ಕೆಲಸವನ್ನು ವರ್ಷದ ಮೊದಲ ತಿಂಗಳುಗಳಲ್ಲೇ ಮುಗಿಸುವುದು ಜಾಣತನ. ಅಡುಗೆಮನೆಯ ವಿಷಯದಲ್ಲಂತೂ ದಿನವಿಡೀ ಅಲ್ಲಿ ದುಡಿಯುವ ಹೆಣ್ಮಕ್ಕಳ ಅಭಿಪ್ರಾಯ ಕೇಳದೆ ಒಂದು ಇಟ್ಟಿಗೆಯನ್ನೂ ಕೀಳಬಾರದು.

ಅಂದಾಜು ಪಟ್ಟಿಯನ್ನು ಕನಿಷ್ಠ ಮೂವರಿಂದ ಲಿಖಿತವಾಗಿ ಪಡೆಯಬೇಕು. ಸಾಮಗ್ರಿ ಮತ್ತು ಕೂಲಿ ಬೇರೆ ಬೇರೆಯಾಗಿ ನಮೂದಾಗಿರಬೇಕು. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಪಟ್ಟಿಯಲ್ಲಿ ಹಳೆಯ ದರವಿದ್ದರೆ ಪ್ರಶ್ನಿಸುವ ಹಕ್ಕು ನಿಮಗಿದೆ. ಗುತ್ತಿಗೆಯ ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಬೇಕು, ಹತ್ತನೇ ಒಂದು ಭಾಗ ಪೂರ್ಣಗೊಂಡ ಮೇಲೆ. ಆದರೆ ದಿನಗೂಲಿಯವರ ಕೂಲಿಯನ್ನು ಅಂದಂದೇ ಕೊಡಬೇಕು. ಅವರ ಬೆವರಿನಲ್ಲಿ ಉಳಿತಾಯ ಮಾಡುವುದು ಮಿತವ್ಯಯವಲ್ಲ, ಅನ್ಯಾಯ.

ಹಣ ಸಾಲದಿದ್ದರೆ ಸಾಲವಿದೆಯಲ್ಲ ಎನ್ನುವವರಿದ್ದಾರೆ. 5 ಲಕ್ಷ ರೂಪಾಯಿಯನ್ನು ಶೇ. 12ರ ವಾರ್ಷಿಕ ದರದಲ್ಲಿ ಐದು ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 11,122 ರೂಪಾಯಿ. ಬಡ್ಡಿಯೊಂದೇ 1.67 ಲಕ್ಷ ದಾಟುತ್ತದೆ. ಬಡ್ಡಿಯ ಕುರಿತು ನಮ್ಮ ನಂಬಿಕೆ ಏನೆನ್ನುತ್ತದೆಂಬುದು ಓದುಗರಿಗೆ ಗೊತ್ತಿರುವ ಸಂಗತಿ. ಗಣಿತವೂ ಅದರ ವಿರುದ್ಧವೇ ಇದೆ.

ಇನ್ನೊಂದು ಅಪಾಯವನ್ನೂ ನಾವು ಮರೆಯಬಾರದು. ಬಡ್ಡಿ ಬೇಡವೆನ್ನುವ ಜನರ ಪ್ರಾಮಾಣಿಕತೆಯನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ (ಐಎಂಎ) ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದು ಬಿತ್ತು. ಹತ್ತಾರು ಸಾವಿರ ಮಂದಿಯ ಠೇವಣಿ ಅದರಲ್ಲಿ ಸಿಲುಕಿತು. ಅದು ಮನೆ, ಮದುವೆ, ಮುಪ್ಪಿಗೆಂದು ಕೂಡಿಟ್ಟ ಹಣವಲ್ಲದೆ ಮತ್ತೇನು? ಒಂದೆರಡು ವರ್ಷದಲ್ಲಿ ಮನೆಗೆ ಬೇಕಾಗುವ ಹಣವನ್ನು ಹೆಚ್ಚಿನ ಲಾಭದ ಆಮಿಷಕ್ಕೆ ಎಂದೂ ಒಡ್ಡಬಾರದು. ಹಣ ಸಾಲದಿದ್ದರೆ ಕೆಲಸವನ್ನು ಎರಡು ವರ್ಷಕ್ಕೆ ಹಂಚಿಕೊಳ್ಳುವುದೇ ಲೇಸು. ಈ ವರ್ಷ ತಾರಸಿ ಮತ್ತು ಪೈಪು, ಮುಂದಿನ ವರ್ಷ ನೆಲ.

ಮನೆಯ ಗೌರವ ಅದರ ಗ್ರಾನೈಟಿನಲ್ಲಿಲ್ಲ. ಸಾಲಗಾರನ ಕರೆಗೆ ಹೆದರದೆ ಮಲಗುವ ತಂದೆ, ಶುಲ್ಕದ ಚಿಂತೆಯಿಲ್ಲದೆ ಓದುವ ಮಗಳು, ಸೋರದ ಒಂದು ಸೂರು. ಇವಿದ್ದರೆ ಹಳೆಯ ನೆಲವೂ ಹೊಳೆಯುತ್ತದೆ. ಸುತ್ತಿಗೆ ಎತ್ತುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಜೊತೆಯಾಗಿ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರೆಯಲಿ. ಆ ಹಾಳೆಯ ಕೊನೆಯ ಸಂಖ್ಯೆಯನ್ನು ದಾಟುವುದಿಲ್ಲವೆಂಬ ನಿರ್ಧಾರವನ್ನೂ ಅಂದೇ ಮಾಡಲಿ.