ಸೆಕೆಂಡ್ ಹ್ಯಾಂಡ್ ಪಿಕಪ್: ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ?

ತರಕಾರಿ ಸಾಗಾಟಕ್ಕೋ, ನೀರಿನ ಕ್ಯಾನ್ ವ್ಯಾಪಾರಕ್ಕೋ ಮೊದಲ ಗಾಡಿ ಕೊಳ್ಳುವ ಹಲವರ ಕಣ್ಣು ಹಳೆಯ ಪಿಕಪ್‌ಗಳ ಮೇಲಿರುತ್ತದೆ. ಆದರೆ ಲೆಕ್ಕ ತಪ್ಪುವುದು ಖರೀದಿ ಬೆಲೆಯಲ್ಲಲ್ಲ, ನಂತರದ ಖರ್ಚಿನಲ್ಲಿ.

ಮಿತಿಮೀರಿ ಲೋಡ್ ಹೊತ್ತ ಗಾಡಿಯಲ್ಲಿ ಬೇಗ ಸೋಲುವುದು ಹಿಂದಿನ ಲೀಫ್ ಸ್ಪ್ರಿಂಗ್, ಕ್ಲಚ್ ಪ್ಲೇಟ್ ಮತ್ತು ವೀಲ್ ಬೇರಿಂಗ್. ಚಾಸಿಗೆ ವೆಲ್ಡಿಂಗ್ ಆಗಿದ್ದರೆ ಅನುಮಾನಿಸಲೇಬೇಕು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತಲೆನೋವು ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್. ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಬದಲಿಸಲು ದೊಡ್ಡ ಮೊತ್ತವೇ ಬೇಕು.

ಹಾಗಾದರೆ ಬಿಎಸ್-4 ಅಗ್ಗವೇ? ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ಮುನ್ನ ಬ್ರೇಕ್, ಟೈರ್, ಲೈಟ್ ರಿಪೇರಿಯ ಖರ್ಚು. ಗಾಡಿ ಗ್ಯಾರೇಜ್‌ನಲ್ಲಿ ನಿಂತಷ್ಟು ದಿನ ಬಾಡಿಗೆಯೂ ಖೋತಾ. ದೆಹಲಿಯಲ್ಲಂತೂ 10 ವರ್ಷ ದಾಟಿದ ಡೀಸೆಲ್ ವಾಹನಗಳ ನಿರ್ಬಂಧದ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಪರಿವಾಹನ್ ಪೋರ್ಟಲ್‌ನಲ್ಲಿ ಎಫ್‌ಸಿ ಅವಧಿ, ಬ್ಯಾಂಕ್ ಸಾಲ, ಬಾಕಿ ಚಲನ್ ಪರಿಶೀಲಿಸುವುದು ಒಳಿತು. ಲೋಡ್ ಹಾಕಿ ಏರು ರಸ್ತೆಯಲ್ಲಿ ಓಡಿಸಿ ನೋಡಿದರೆ ಕ್ಲಚ್, ಎಂಜಿನ್‌ಗಳ ನಿಜ ಸ್ಥಿತಿಯೂ ಗೊತ್ತಾಗುತ್ತದೆ. ಕೈಯಲ್ಲಿರುವ ಹಣವನ್ನೆಲ್ಲ ಖರೀದಿಗೇ ಸುರಿದರೆ, ಮೊದಲ ರಿಪೇರಿಗೇ ಸಾಲ ಮಾಡಬೇಕಾದೀತು.