ಮುದಿ ಡಿಸ್ಕಿನ ನಾಡಿ

ಮೇಜಿನ ಮೇಲಿನ ಹಳೆಯ ಗಣಕಯಂತ್ರವು ಎಂದಿನಂತೆ ಬೆಳಗ್ಗೆ ಎಚ್ಚೆತ್ತಿತೆಂದರೆ ಅದರ ಯೋಗಕ್ಷೇಮವನ್ನು ವಿಚಾರಿಸುವವರಿಲ್ಲ. ಮಗಳ ಮದುವೆಯ ಚಿತ್ರಗಳೂ ತೀರಿಕೊಂಡ ತಂದೆಯ ಧ್ವನಿಯೂ ಅದರೊಳಗಿನ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿವೆಯೆಂದು ಮನೆಯವರ ನಂಬಿಕೆ. ಆ ಡಬ್ಬಿಯೊಳಗಣ ವ್ಯಾಪಾರವನ್ನು ಅರಿತವರಿಗಾದರೋ, ಡಿಸ್ಕು ಕೆಡುವುದು ಸೋಜಿಗವಲ್ಲ. ವರ್ಷಗಟ್ಟಲೆ ಕೆಡದೆ ನಡೆಯುವುದೇ ಸೋಜಿಗ.

ಕಾಂತಲೇಪವುಳ್ಳ ತಟ್ಟೆಗಳು ಅಲ್ಲಿ ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲಿನ ಬರಹವನ್ನು ಓದುವ ಮೊನೆಯು ತಟ್ಟೆಯನ್ನು ಮುಟ್ಟುವಂತಿಲ್ಲ. ಕೆಲವೇ ನ್ಯಾನೊಮೀಟರುಗಳಷ್ಟು ಮೇಲೆ ತೇಲುತ್ತಿರಬೇಕು. ತಲೆಗೂದಲೊಂದರ ದಪ್ಪವು ಈ ಅಂತರದ ಸಾವಿರಾರು ಪಟ್ಟು!

ಪುಣ್ಯಕ್ಕೆ, ಡಿಸ್ಕು ತನ್ನ ಅಸ್ವಸ್ಥತೆಯ ಲೆಕ್ಕವನ್ನು ತಾನೇ ಬರೆದಿಡುತ್ತದೆ. ‘ಸ್ಮಾರ್ಟ್’ ಎಂಬ ಈ ಏರ್ಪಾಡಿನ ಪಟ್ಟಿಯನ್ನು ವಿಂಡೋಸ್ ಯಂತ್ರದಲ್ಲಿ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ತಂತ್ರಾಂಶದ ಮೂಲಕ ಯಾರಾದರೂ ಓದಬಹುದು. ಪಟ್ಟಿ ಉದ್ದವಾಗಿದೆಯೆಂದು ಗಾಬರಿಗೊಳ್ಳಬೇಕಾದುದಿಲ್ಲ. ಮುಖ್ಯವಾಗಿ ನೋಡತಕ್ಕದ್ದು 5 ಎಂಬ ಸಂಖ್ಯೆಯ ಸಾಲನ್ನು. ಕೆಟ್ಟುಹೋದ ಎಷ್ಟು ಜಾಗಗಳಿಗೆ ಬದಲಾಗಿ ಡಿಸ್ಕು ತನ್ನ ಮೀಸಲು ಜಾಗವನ್ನು ಬಳಸಿಕೊಂಡಿದೆಯೆಂಬುದು ಅಲ್ಲಿ ತಿಳಿಯುತ್ತದೆ. ಓದಲಾಗದೆ ಸಂಶಯದಲ್ಲಿ ನಿಂತಿರುವ ಜಾಗಗಳ ಎಣಿಕೆ 197ರಲ್ಲಿ. ಈ ತಂತ್ರಾಂಶ ಅದನ್ನು ‘ಸಿ5’ ಎಂದು ಬರೆಯುತ್ತದೆ. ಎಣಿಕೆಯನ್ನೂ ಅದು ಮೊದಲಿಗೆ ಹದಿನಾರರ ಲೆಕ್ಕದಲ್ಲಿಯೇ ತೋರಿಸುವುದರಿಂದ, ‘10’ ಎಂದು ಕಂಡರೆ ಹದಿನಾರೆಂದು ತಿಳಿಯಬೇಕು. ‘ಸಿ7’ ಏರಿದ್ದರೆ ತಪ್ಪು ಬಹುಮಟ್ಟಿಗೆ ಜೋಡಣೆಯ ಕೇಬಲ್ಲಿನದು. ಎಷ್ಟೋ ಮನೆಗಳಲ್ಲಿ ಕೇಬಲ್ಲಿನ ಪಾಪಕ್ಕೆ ಡಿಸ್ಕು ಶಿಕ್ಷೆಯನ್ನು ಅನುಭವಿಸಿರಬಹುದು.

ಒಮ್ಮೆ ಮೂಡಿದ ಸಂಖ್ಯೆ ತಿಂಗಳುಗಟ್ಟಲೆ ಅಲ್ಲಿಯೇ ನಿಂತಿದ್ದರೆ ಡಿಸ್ಕು ಇನ್ನೂ ಕೆಲಕಾಲ ಬಾಳಬಹುದು. ವಾರವಾರವೂ ಏರುತ್ತಿದ್ದರೆ ಅದರ ಕಾಲ ಸಮೀಪಿಸಿದಂತೆಯೇ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಮೂಲೆಯಲ್ಲಿ ತಿಂಗಳಿಗೊಮ್ಮೆ ಇದನ್ನೂ ಗುರುತುಹಾಕಿಕೊಳ್ಳುವುದು ಕಷ್ಟವೇನಲ್ಲ.

ಹಾಗೆಂದು ಸೊನ್ನೆಯನ್ನು ಕಂಡು ನಿಶ್ಚಿಂತರಾಗುವಂತೆಯೂ ಇಲ್ಲ. ಗೂಗಲ್ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ತಟ್ಟೆಯ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚು. ಆದರೆ ಅದೇ ವರದಿಯಲ್ಲಿ ಮತ್ತೊಂದು ಸಂಗತಿಯಿದೆ: ಕೆಟ್ಟ ಡಿಸ್ಕುಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚಿನವು, ಉಷ್ಣತೆಯೊಂದನ್ನು ಬಿಟ್ಟರೆ, ಸ್ಮಾರ್ಟ್ ಪಟ್ಟಿಯಲ್ಲಿ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ನಾಡಿ ಸರಿಯಾಗಿಯೇ ಬಡಿಯುತ್ತಿದ್ದು ಹಠಾತ್ತನೆ ನಿಂತುಹೋದವು ಅವು. ಆದುದರಿಂದ ತಂದೆಯ ಧ್ವನಿಯ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು. ಅದೇ ಡಿಸ್ಕಿನ ಮತ್ತೊಂದು ಕಡತದಲ್ಲಲ್ಲ.

ಸಂಖ್ಯೆ ಏರುತ್ತಿದೆಯೆಂದು ಕಂಡೊಡನೆ ಡಿಸ್ಕನ್ನು ದೀರ್ಘ ಪರೀಕ್ಷೆಗೆ ಹಚ್ಚುವವರುಂಟು. ಬಳಲಿದ ಮುದುಕನನ್ನು ಬೆಟ್ಟ ಹತ್ತಿಸಿ ಶಕ್ತಿ ಪರೀಕ್ಷಿಸುವಂತಹ ಕೆಲಸವದು. ಮೊದಲು ಪ್ರತಿ, ಆಮೇಲೆ ಪರೀಕ್ಷೆ. ಡಬ್ಬಿಯೊಳಗಿಂದ ಟಕ್ ಟಕ್ ಎಂಬ ಸದ್ದು ಹೊರಟರಂತೂ ಮತ್ತೆ ಮತ್ತೆ ಗುಂಡಿಯೊತ್ತಿ ಎಬ್ಬಿಸಹೋಗದೆ, ವಿದ್ಯುತ್ತನ್ನು ನಿಲ್ಲಿಸಿ ಬಲ್ಲವರ ಬಳಿಗೆ ಒಯ್ಯುವುದು ಲೇಸು.