ಗಣಿತ ವಿಭಾಗ ಮುಚ್ಚಿ ಎನ್ನುವವರಿಗೆ

ಬಿ.ಎಸ್ಸಿ.ಯಲ್ಲಿ ಗಣಿತ ಯಾಕೆ, ಆ ಜಾಗದಲ್ಲಿ ಡೇಟಾ ಸೈನ್ಸ್ ಹೇಳಿಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

'ಇದರಿಂದ ಯಾರಿಗೂ ಉಪಯೋಗವಿಲ್ಲ.' ಎಷ್ಟು ವರ್ಷದ ಲೆಕ್ಕದಲ್ಲಿ? 1917ರಲ್ಲಿ ಯೋಹಾನ್ ರಾಡಾನ್ ಬಿಡಿಸಿದ್ದು ಶುದ್ಧ ಗಣಿತದ ಪ್ರಶ್ನೆ. ಒಂದು ಹರವಿನ ಯಾವ ಬಿಂದುವಿನ ಬೆಲೆ ಎಷ್ಟೋ ಗೊತ್ತಿಲ್ಲ. ಅದನ್ನು ಹಾದುಹೋಗುವ ಪ್ರತಿ ಸರಳರೇಖೆಯ ಮೇಲಿನ ಒಟ್ಟು ಮೊತ್ತ ಮಾತ್ರ ಗೊತ್ತು. ಮೊತ್ತಗಳಿಂದ ಬಿಂದುಗಳ ಬೆಲೆ ಕಂಡುಹಿಡಿಯಬಹುದೇ? ಹಿಡಿಯಬಹುದು ಎಂದು ಅವರು ಸಾಧಿಸಿದರು. ಹಲವು ದಿಕ್ಕಿನಿಂದ ಎಕ್ಸ್-ರೇ ಹಾಯಿಸಿ ದೇಹದೊಳಗಿನ ಚಿತ್ರ ಕಟ್ಟುವ ಸಿ.ಟಿ. ಸ್ಕ್ಯಾನ್ ಮಾಡುವುದು ಇದನ್ನೇ. ರೋಗಿಗೆ ಮೊದಲ ಸ್ಕ್ಯಾನ್ ಆದದ್ದು 1971ರಲ್ಲಿ. ಅದಕ್ಕೂ ಮುಂಚೆ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಈ ಗಣಿತವನ್ನು ಮೊದಲಿನಿಂದ ತಾವೇ ಕಟ್ಟಿಕೊಳ್ಳಬೇಕಾಯಿತು. ರಾಡಾನ್ ಮಾಡಿಟ್ಟದ್ದು ಅವರಿಗೆ ತಿಳಿದಿರಲಿಲ್ಲ.

'ಕಂಪ್ಯೂಟರ್ ಇರುವಾಗ ಸಾಧನೆ ಯಾಕೆ?' ಸೊನ್ನೆಯಿಂದ ಶುರುಮಾಡಿ ಒಂದೊಂದೇ ಸಂಖ್ಯೆ ತೆಗೆದುಕೊಳ್ಳಿ. ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ, 41 ಕೂಡಿಸಿ. 41, 43, 47, 53 ಹೀಗೆ ಎಲ್ಲವೂ ಅವಿಭಾಜ್ಯ. 39ರವರೆಗೂ ಇದೇ ಕಥೆ. ಅಷ್ಟು ಉದಾಹರಣೆ ನೋಡಿದವರು ನಿಯಮ ಸಿಕ್ಕಿಯೇಬಿಟ್ಟಿತು ಅನ್ನುತ್ತಾರೆ. 40ಕ್ಕೆ ಬಂದರೆ 1681. ಅದು 41ರ ವರ್ಗ. ಬೀಜಗಣಿತದ ಕಣ್ಣಿದ್ದವರು ಅಲ್ಲಿಯವರೆಗೆ ಎಣಿಸಬೇಕಿಲ್ಲ: 40×41ಕ್ಕೆ ಇನ್ನೊಂದು 41 ಸೇರಿದರೆ 41×41 ತಾನೇ? ಕಂಪ್ಯೂಟರ್ ಕೋಟಿ ಸಂಖ್ಯೆ ಪರೀಕ್ಷಿಸಲಿ, ಎಲ್ಲ ಸಂಖ್ಯೆಗೂ ಇದು ನಿಜ ಅನ್ನಲು ಸಾಧನೆಯೇ ಬೇಕು.

'ಹುಡುಗರು ಪ್ರಮೇಯ ಉರು ಹೊಡೆದು ಪಾಸಾಗುತ್ತಾರೆ.' ಈ ದೂರು ಸುಳ್ಳಲ್ಲ. ಗೈಡ್ ನೆಚ್ಚಿದವರಿಗೂ ಅಂಕ ಸಿಗುವಂತೆ ಪ್ರಶ್ನೆಪತ್ರಿಕೆ ಇದ್ದರೆ ಹಾಗೆಯೇ ಆಗುತ್ತದೆ. ಪ್ರಶ್ನೆ ಬದಲಿಸಿ. ಎರಡು ತುದಿಯಲ್ಲೂ ಒಂದೇ ಎತ್ತರವಿರುವ ಗ್ರಾಫ್ ನಡುವೆ ಎಲ್ಲಾದರೂ ಒಂದು ಕಡೆ ಸಮತಟ್ಟಾಗುತ್ತದೆ ಎನ್ನುವ ರೋಲ್‌ನ ಪ್ರಮೇಯದಿಂದ 'ಅವಕಲನೀಯವಾಗಿರಬೇಕು' ಎಂಬ ಷರತ್ತು ತೆಗೆದು, ಈಗ ಎಲ್ಲಿ ಕೈಕೊಡುತ್ತದೆ ಎಂದು ಕೇಳಿ. −1ರಿಂದ 1ರವರೆಗೆ ನಿರಪೇಕ್ಷ ಮೌಲ್ಯದ ಗ್ರಾಫ್ ಎಳೆದ ಹುಡುಗಿಗೆ ಸೊನ್ನೆಯಲ್ಲಿನ ಚೂಪು ಮೂಲೆ ಉತ್ತರ ಹೇಳುತ್ತದೆ. ಗೈಡ್ ಅಲ್ಲಿ ಕೆಲಸಕ್ಕೆ ಬಾರದು. ಪರೀಕ್ಷೆ ಸರಿಯಿಲ್ಲವೆಂದು ವಿಷಯವನ್ನೇ ಕೈಬಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

'ಡೇಟಾ ಸೈನ್ಸ್ ಸಾಕು.' ಅದರೊಳಗೆ ಕೆಲಸ ಮಾಡುವುದೇ ಮ್ಯಾಟ್ರಿಕ್ಸ್, ಕಲನ, ಸಂಭವನೀಯತೆ. ಅವನ್ನು ಬಿಟ್ಟು ಕಲಿತವರಿಗೆ ಗುಂಡಿ ಒತ್ತುವುದು ಬಂದೀತು. ಉತ್ತರ ತಪ್ಪಿದಾಗ ಯಾಕೆ ತಪ್ಪಿತು ಅನ್ನುವುದು ತಿಳಿಯದು.

ಇವರು ಮರೆತದ್ದು ಇನ್ನೊಂದಿದೆ. ನಾಳೆ ಪ್ರೌಢಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗುವವರು ಇದೇ ಬಿ.ಎಸ್ಸಿ. ಬೆಂಚಿನಿಂದ ಎದ್ದು ಬಿ.ಇಡಿ.ಗೆ ಹೋಗುತ್ತಾರೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕೆ ಬರುತ್ತದೆ ಎಂದು ಎಂಟನೇ ಕ್ಲಾಸಿನ ಮಗು ಕೇಳಿದಾಗ, 'ರೂಲೇ ಹಾಗೆ, ಬರ್ಕೊ' ಎನ್ನದೆ ವಿತರಣಾ ನಿಯಮದಿಂದ ಬೋರ್ಡಿನ ಮೇಲೆ ತೋರಿಸಿಕೊಡುವವರು ಬೇಕು. ವಿಭಾಗ ಮುಚ್ಚಿ ಎನ್ನುವವರು ಆ ಮೇಷ್ಟ್ರನ್ನು ಎಲ್ಲಿಂದ ತರುತ್ತಾರೆ ಎಂಬುದನ್ನೂ ಹೇಳಲಿ.